ಮೂರನೇ ಮಹಡಿಗೆ ಬಾರದ ಆನೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗೋಡೆಗೆ ಬಳಿದದ್ದು ಹಳದಿ ಬಣ್ಣವೋ ಕೆನೆ ಬಣ್ಣವೋ, ಫ್ರಿಜ್ಜು ಕೆಟ್ಟದ್ದು ಗೋಡೆ ಎದ್ದ ವರ್ಷವೋ ಮರುವರ್ಷವೋ, ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದರಲ್ಲಿ ನಾನು ಆಡಿದ ಮಾತುಗಳೆಲ್ಲ ಬಹಳ ಚುರುಕಾಗಿವೆ. ನಿಜವಾಗಿ ಅಷ್ಟು ಚುರುಕಾಗಿ ಮಾತಾಡಿದ್ದೆನೇ, ಅಥವಾ ಮನೆಗೆ ಬಂದು ಬರೆಯುವಾಗ ಹೊಳೆದದ್ದೇ? ಒಂದು ಸಂಗತಿಯಲ್ಲಿ ಮಾತ್ರ ಸಂಶಯವಿಲ್ಲ. ಇಡೀ ಹೈದರಾಬಾದಿನಲ್ಲಿ ಆನೆಗಳ ದಾಳಿಗೆ ತಯಾರಾಗಿ ಕೂತಿದ್ದ ಮನುಷ್ಯ ನನ್ನ ಕಾಕಾ ಒಬ್ಬರೇ. ಅವರು ಇರುವುದು ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಹುಟ್ಟಿ ಬೆಳೆದದ್ದು ವಿಜಾಪುರದಲ್ಲಿ. ಹುಡುಗರಾಗಿದ್ದಾಗ ಕ್ರಿಕೆಟ್ ಆಡಿದ್ದು ಆದಿಲ್‌ಶಾಹಿ ಮಹಲಿನ ಕಮಾನಿನ ಕೆಳಗೆ, ಚೆಂಡು ಕಳೆದುಕೊಂಡದ್ದು ಕೋಟೆಯ ಕಂದಕದಲ್ಲಿ. ಆಮೇಲೆ ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ನೌಕರಿ, ಕಂಪನಿ ಕ್ವಾರ್ಟರ್ಸಿನಲ್ಲಿ ವಾಸ, ನಿವೃತ್ತಿಯ ನಂತರ ಈ ಫ್ಲ್ಯಾಟು. ಕಾರ್ಖಾನೆಯಲ್ಲಿ ಅವರದು ಗುಣಮಟ್ಟ ತಪಾಸಣೆಯ ವಿಭಾಗ. ಅಂದರೆ ಇನ್ನೊಬ್ಬರು ಮಾಡಿದ ಕೆಲಸದಲ್ಲಿ ಐಬು ಹುಡುಕುವುದಕ್ಕೆ ಸಂಬಳ. ನಿವೃತ್ತಿಯಾದ ಮೇಲೆ ಅದನ್ನೇ ಪುಕ್ಕಟೆ ಮಾಡತೊಡಗಿದರು, ಅಷ್ಟೇ ವ್ಯತ್ಯಾಸ. ಈ ಸಲ ತಪಾಸಣೆಗೆ ಸಿಕ್ಕದ್ದು ನೆಂಟರಿಷ್ಟರ ಮನೆಗಳು.

ತಪಾಸಣೆಯ ಕ್ರಮ ಹೀಗೆ. ಹೊಸ್ತಿಲು ದಾಟಿದ ಕೂಡಲೆ ಕಾಕಾ ನಿಲ್ಲುತ್ತಾರೆ. ಚಪ್ಪಲಿ ಬಿಡುವ ಮೊದಲೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಕಣ್ಣು ಮುಚ್ಚಿ ಕಿವಿಗೊಡುತ್ತಾರೆ. ಆಮೇಲೆ ತೀರ್ಪು. ನಾನು ಅದೇ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮನೆ ಮಾಡಿ ಗೃಹಪ್ರವೇಶಕ್ಕೆ ಕರೆದಾಗ, ಅರಿಶಿನ ಕುಂಕುಮ ಹಿಡಿದು ನಿಂತ ನಮ್ಮತ್ತೆಯ ಮೂಗಿನ ಮುಂದೆಯೇ ಚಪ್ಪಾಳೆ ಬಿತ್ತು.

"ನಿನ್ನ ಮನಿ ಮೂಗ ಐತಿ," ಅಂದರು ಕಾಕಾ. "ಚಪ್ಪಾಳಿ ಹೊಡದ್ರ ಮನಿ ಜವಾಬು ಕೊಡಬೇಕು. ಗೋಳಗುಮ್ಮಟ ಏಳು ಸಲ ಕೊಡತೈತಿ."

"ಕಾಕಾ, ಗೋಳಗುಮ್ಮಟ ಗೋರಿ. ಮನಿ ಅಲ್ಲ."

"ಸತ್ತವರಿಗೇ ಅಂಥಾದ್ದು ಕಟ್ಟಿದವ್ರು ಬದುಕಿದ್ದವ್ರಿಗೆ ಎಂಥಾದ್ದು ಕಟ್ಟಿರಬೇಕು, ವಿಚಾರ ಮಾಡು."

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಾಕಾ ಅದನ್ನು ಒಂದು ಬಗೆಯ ಅಂಗವೈಕಲ್ಯವೆಂದು ತಿಳಿದು, ನಾಲ್ಕು ಜನರ ಮುಂದೆ ಅದರ ಪ್ರಸ್ತಾಪ ಬಾರದಂತೆ ಜಾಗ್ರತೆ ವಹಿಸುತ್ತಿದ್ದರು. "ಪಾಪ, ಪುಸ್ತಕ ಓದ್ಯಾಳ," ಅನ್ನುತ್ತಿದ್ದರು. ಪುಸ್ತಕದಲ್ಲಿ ಮಹಲಿನ ಉದ್ದ ಅಗಲ ಇರುತ್ತದೆಯೇ ಹೊರತು, ಬಿಸಿಲಲ್ಲಿ ಅದರ ಗೋಡೆಗೆ ಬೆನ್ನು ಹಚ್ಚಿದರೆ ಎಷ್ಟು ತಂಪು ಅನ್ನುವುದು ಇರುತ್ತದೇನು ಎಂಬುದು ಅವರ ವಾದ. ಇರುವುದಿಲ್ಲ ನಿಜ. ಹಾಗಂತ ಬೆನ್ನು ಹಚ್ಚಿದವರೆಲ್ಲ ವಿದ್ವಾಂಸರಾಗುವುದಾದರೆ ವಿಜಾಪುರದ ಎಮ್ಮೆಗಳಿಗೆಲ್ಲ ಡಾಕ್ಟರೇಟು ಕೊಡಬೇಕಾದೀತು. ಈ ಮಾತನ್ನು ನಾನು ಅವರೆದುರಿಗೇ ಆಡಿದೆನೆಂದು ದಿನಚರಿಯಲ್ಲಿದೆ. ಆಡಿರಲಾರೆ ಅನಿಸುತ್ತದೆ.

ಊರಿನಿಂದ ಯಾರೇ ಬರಲಿ, ಅವರನ್ನು ಗೋಲ್ಕೊಂಡ ಕೋಟೆಗೆ ಎಳೆದೊಯ್ಯುವುದು ಕಾಕಾನ ಭಾನುವಾರದ ಕಾಯಕ. ತೋರಿಸಿ ಸಂತೋಷಪಡಿಸುವುದಕ್ಕಲ್ಲ, ವಿಜಾಪುರದ ಮುಂದೆ ಅದು ಏನೂ ಅಲ್ಲವೆಂದು ಸಾಬೀತು ಮಾಡುವುದಕ್ಕೆ. ಅಲ್ಲಿ ಕೆಳಗಿನ ದರವಾಜೆಯ ಗುಮ್ಮಟದಡಿ ನಿಂತು ಗೈಡುಗಳು ಚಪ್ಪಾಳೆ ಹೊಡೆಯುತ್ತಾರೆ. ಅದು ಬೆಟ್ಟದ ತುದಿಯ ಅರಮನೆಗೆ ಕೇಳಿಸುತ್ತದೆ. ಶತ್ರು ಬಂದನೆಂಬ ಸುದ್ದಿ ರಾಜನಿಗೆ ಮುಟ್ಟಿಸುವ ಹಳೆಯ ಏರ್ಪಾಟು. ಒಂದು ಸಲ ನಾನೂ ಜೊತೆಗಿದ್ದೆ. ಎಲ್ಲರೂ ಬೆರಗಾಗಿ ನಿಂತಾಗ ಕಾಕಾ ಗೈಡಿನ ಹತ್ತಿರ ಹೋಗಿ ಗೋಳಗುಮ್ಮಟದ ಏಳು ಜವಾಬಿನ ಮಾತು ತೆಗೆದರು.

"ಹಮಾರೇ ಬಿಜಾಪುರ್ ಮೇ ಏಕ್ ಮಾರೇ ತೋ ಸಾತ್ ವಾಪಸ್ ಆತೇ."

ಗೈಡು ಅವರನ್ನು ಮೇಲಿಂದ ಕೆಳಗೆ ನೋಡಿ, "ತೋ ಇಧರ್ ಕಾಯ್ಕು ಆಯೇ ಚಾಚಾ? ಉಧರೀಚ್ ಜಾಕೆ ಮಾರೋ ನಾ," ಅಂದ.

ಇಲ್ಲಿಗ್ಯಾಕೆ ಬಂದಿರಿ, ಅಲ್ಲೇ ಹೋಗಿ ಹೊಡೆಯಿರಿ ಎಂಬಷ್ಟು ಸರಿಯಾದ ಜವಾಬನ್ನು ಕಾಕಾಗೆ ನಮ್ಮ ಮನೆತನದಲ್ಲಿ ಯಾರೂ ಕೊಟ್ಟಿರಲಿಲ್ಲ. ಅವತ್ತು ನಾನು ಗೈಡಿಗೆ ಧಾರಾಳವಾಗಿಯೇ ಬಕ್ಷೀಸು ಕೊಟ್ಟು ಬಂದೆ.

ಅದೇ ದಿನವೇ ಇರಬೇಕು, ಕಾಕಾನ ತಲೆಯಲ್ಲಿ ಗೋಡೆ ಎದ್ದದ್ದು. ಗೋಲ್ಕೊಂಡದ ಒಳಕೋಟೆಯ ಬಾಗಿಲಿನ ಎದುರಿಗೆ, ಸ್ವಲ್ಪ ಜಾಗ ಬಿಟ್ಟು, ಅಡ್ಡಲಾಗಿ ಒಂದು ದಪ್ಪ ಗೋಡೆ ಇದೆ. ನೇರ ನುಗ್ಗುವಂತಿಲ್ಲ, ಸುತ್ತಿಕೊಂಡೇ ಬರಬೇಕು. ಶತ್ರುವಿನ ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದದಿರಲಿ ಎಂದು ಈ ಉಪಾಯ. ಕಾಕಾ ಅದರ ಮುಂದೆ ಬಹಳ ಹೊತ್ತು ನಿಂತರು. ಹೆಜ್ಜೆ ಹಾಕಿ ಅಳೆದರು. ಗೋಲ್ಕೊಂಡದಲ್ಲಿ ಅವರು ಐಬು ಎತ್ತದೆ ನೋಡಿದ್ದು ಅದೊಂದನ್ನೇ.

ಕೆಲವು ವಾರಗಳಾದ ಮೇಲೆ ಕೂಕಟ್‌ಪಲ್ಲಿಗೆ ಹೋದೆ. ಲಿಫ್ಟಿನಿಂದ ಹೊರಬಂದರೆ ಎದುರಿಗೇ ಅವರ ಬಾಗಿಲು. ತೆರೆದಿತ್ತು. ಒಳಗೆ ಕಾಲಿಟ್ಟವಳು ಹಣೆ ಜಜ್ಜಿಕೊಂಡೆ. ಹೊಸ್ತಿಲಿನಿಂದ ನಾಲ್ಕಡಿ ಒಳಗೆ, ಹಾಲಿಗೆ ಅಡ್ಡವಾಗಿ, ತಲೆಗಿಂತ ಎತ್ತರದ ಗೋಡೆ ನಿಂತಿತ್ತು.

"ಎಡಕ್ಕ ತಿರುಗಿ ಬಾ," ಎಂದು ಆ ಕಡೆಯಿಂದ ಕಾಕಾನ ದನಿ.

ಎಡಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ ಒಳಗೆ ಹೋದೆ. "ಏನಿದು ಕಾಕಾ?"

"ಆನಿ ಬಂದ್ರ ಜೋರು ಹಿಡಿಯೂದಿಲ್ಲ."

"ಲಿಫ್ಟಿನಾಗ ಆರು ಮಂದಿ ಅಂತ ಬೋರ್ಡ್ ಐತಿ. ಆನಿ ಹ್ಯಾಂಗ ಬರತೈತಿ?"

"ಮೆಟ್ಟಲಾ ಅದಾವಲ್ಲ?"

ಕಾಕು, ಅಂದರೆ ಅವರ ಹೆಂಡತಿ, ನನ್ನ ಹಣೆಗೆ ಅರಿಶಿನ ಹಚ್ಚಿ ಚಹಾ ಕೊಟ್ಟರು. ಗೋಡೆಯ ಬಗ್ಗೆ ಚಕಾರವೆತ್ತಲಿಲ್ಲ. ಇಂಥ ಗಂಡನ ಜೊತೆ ಬಾಳಿದವರು ಮಾತಾಡುವ ಶಕ್ತಿಯನ್ನೇ ಕಳೆದುಕೊಂಡಿರುತ್ತಾರೆ ಎಂದುಕೊಂಡೆ.

ಆ ಗೋಡೆ ತಡೆದದ್ದು ಏನೇನನ್ನು? ಆನೆಯೊಂದನ್ನು ಬಿಟ್ಟು ಎಲ್ಲವನ್ನೂ. ಹಳೇ ಫ್ರಿಜ್ಜು ಕೆಟ್ಟು ಹೊಸದು ಬಂದಾಗ ಅದು ತಿರುವಿನಲ್ಲಿ ತಿರುಗಲಿಲ್ಲ. ತಂದವರು ಉದ್ದಕ್ಕೆ ಎತ್ತಿದರು, ಅಡ್ಡಕ್ಕೆ ಮಲಗಿಸಿದರು, ಕೊನೆಗೆ ಬಾಗಿಲಿಗೂ ಗೋಡೆಗೂ ನಡುವೆ ಒಂದು ಮೂಲೆಯಲ್ಲಿ ನಿಲ್ಲಿಸಿ ಕೈಮುಗಿದು ಹೋದರು. ಅಂದಿನಿಂದ ಬಂದವರನ್ನು ಮೊದಲು ಸ್ವಾಗತಿಸುತ್ತಿದ್ದದ್ದು ಫ್ರಿಜ್ಜು, ಪಹರೆಯವನ ಹಾಗೆ ಗುಂಯ್‌ಗುಡುತ್ತ. ಕಾಕು ಮೊಸರು ಬೇಕಾದಾಗಲೆಲ್ಲ ಗೋಡೆಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಎದುರು ಮನೆಯ ತೆಲುಗಮ್ಮ ಬಾಗಿಲಲ್ಲೇ ನಿಂತು "ಏಮಂಡೀ, ಲೋಪಲ ಉನ್ನಾರಾ?" ಎಂದು, ಒಳಗಿದ್ದೀರಾ ಎಂದು, ಗೋಡೆಯನ್ನೇ ಕೇಳಿ ಹೋಗುತ್ತಿದ್ದಳು. ನಾನಂತೂ ಹೋದಾಗಲೆಲ್ಲ ಮೊದಲು "ಕಾಕಾ, ಆನಿ ಬಂದಿದ್ವೇನು?" ಎಂದು ವಿಚಾರಿಸುತ್ತಿದ್ದೆ.

"ಬಂದಿಲ್ಲ," ಎನ್ನುತ್ತಿದ್ದರು ತೃಪ್ತಿಯಿಂದ. "ಗ್ವಾಡಿ ಕೆಲಸ ಮಾಡಾಕತ್ತೈತಿ ಅಂದಂಗಾತಲ್ಲ."

ಇಂಥ ತರ್ಕಕ್ಕೆ ಎಂ.ಎ. ಓದಿದವರಲ್ಲಿ ಮದ್ದಿಲ್ಲ.

ನಗು ನಿಂತದ್ದು ಕಾಕು ಬಿದ್ದಾಗ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ಮನೆಗೆ ಕಳಿಸುವ ಮಾತು ಬಂದಾಗ ಡಾಕ್ಟರು ಹೇಳಿದ್ದು, ಕೆಲವು ತಿಂಗಳು ಗಾಲಿಕುರ್ಚಿ, ಆಮೇಲೆ ವಾಕರು. ಗಾಲಿಕುರ್ಚಿ ಎಂಬ ಮಾತು ಬಿದ್ದ ಕೂಡಲೆ ನನ್ನ ಕಣ್ಣೆದುರು ಬಂದದ್ದು ಮೂಲೆಯಲ್ಲಿ ನಿಂತ ಆ ಫ್ರಿಜ್ಜು. ಫ್ರಿಜ್ಜು ತಿರುಗದ ಕಡೆ ಕುರ್ಚಿ ತಿರುಗೀತೇ?

"ಕಾಕಾ, ಗ್ವಾಡಿ ತೆಗಸ್ರಿ," ಅಂದೆ, ಆಸ್ಪತ್ರೆಯ ವರಾಂಡದಲ್ಲಿ.

"ತೆಗ್ಯಾಂಗಿಲ್ಲ."

"ಹಂಗಾದ್ರ ಕಾಕು ನಮ್ಮನಿಗೆ ಬರಲಿ. ನಮ್ಮನಿ ಮೂಗ ಇದ್ರೂ ಬಾಗಿಲಾ ನೆಟ್ಟಗೈತಿ."

"ಎತ್ತಿಕೊಂಡು ಒಯ್ದ್ರಾತು ಆಕಿನ್ನ."

"ಯಾರು ಎತ್ತವರು? ನೀವಾ? ಹಾಲಿನ ಪಾಕೀಟು ಎತ್ತಿದ್ರ ಉಸ್ ಅಂತೀರಿ."

ಕಾಕಾ ಗೋಡೆಯ ಪರವಾಗಿ ಏನೇನೋ ಹೇಳಿದರು. ಒಂದು ಕೋಟೆಯ ದರವಾಜೆ ಕೆಡವಿದರೆ ಉಳಿದದ್ದು ತಾನಾಗಿ ಹೋಗುತ್ತದೆ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಹೆಂಡತಿ ಎಲುಬು ಮುರಿದು ಮಲಗಿದಾಗಲೂ ಇವರಿಗೆ ಕೋಟೆಯದೇ ಚಿಂತೆಯೇ? ಅದನ್ನೇ ಕೇಳಿದೆ. ಬಹುಶಃ ಇದಕ್ಕಿಂತ ಕಟುವಾಗಿಯೇ ಕೇಳಿದೆ. ಒಳಗೆ ಹೋಗಿ ಕಾಕುಗೆ ನಮ್ಮ ಮನೆಗೆ ಬರುವಂತೆ ಹೇಳಿದಾಗ ಅವರು ಛಾವಣಿ ನೋಡುತ್ತ, "ನನ್ನ ಮನಿಗೇ ಹೋಗ್ತೀನವಾ. ಅಲ್ಲೇ ನನಗ ಚಲೋ ಅನಸ್ತೈತಿ," ಅಂದರು. ಬಾಗಿಲಲ್ಲಿ ನಿಂತಿದ್ದ ಕಾಕಾಗೆ ಅದು ಕೇಳಿಸಿತು.

ಮರುದಿನ ನಾನು ಹೋಗುವಷ್ಟರಲ್ಲಿ ಗೋಡೆ ಅರ್ಧ ಬಿದ್ದಿತ್ತು. ಮೇಸ್ತ್ರಿ ಸುತ್ತಿಗೆ ಹೊಡೆಯುತ್ತಿದ್ದ. ಕಾಕಾ ತಲೆಯ ಮೇಲೆಲ್ಲ ಸಿಮೆಂಟಿನ ಧೂಳು ಹೊತ್ತು ಫ್ರಿಜ್ಜನ್ನು ತಬ್ಬಿಕೊಂಡು ಪಕ್ಕಕ್ಕೆ ಸರಿಸುತ್ತಿದ್ದರು.

"ಬಾ," ಅಂದರು. "ದಿಲ್ಲಿ ದಂಡು ಬಂತು. ವಿಜಾಪುರ ಬಿತ್ತು, ಗೋಲ್ಕೊಂಡ ಬಿತ್ತು, ಇದೊಂದು ಉಳದಿತ್ತು."

ನಾನು ಗೆದ್ದೆನೆಂದುಕೊಂಡೆ. ದಿನಚರಿಯಲ್ಲಿ ಹಾಗೆಯೇ ಬರೆದಿದ್ದೇನೆ ಕೂಡ.

ಕಾಕು ಮನೆಗೆ ಬಂದರು. ಮಲಗುವ ಕೋಣೆ ಇಕ್ಕಟ್ಟೆಂದು ಹಾಲಿನಲ್ಲೇ ಮಂಚ ಹಾಕಿದ್ದಾಯಿತು. ಬೇಸಿಗೆ ಶುರುವಾಗಿತ್ತು, ಏಸಿ ಹಾಕಿದರೆ ಅವರಿಗೆ ಎಲುಬು ನೋವು. ಬಾಗಿಲು ತೆರೆದಿಟ್ಟರೇ ಗಾಳಿ. ಬಾಗಿಲು ತೆರೆದರೆ ಲಿಫ್ಟು. ಲಿಫ್ಟಿನಿಂದ ಇಳಿದವರೆಲ್ಲರ ಕಣ್ಣು ನೇರ ಮಂಚದ ಮೇಲೆ. ಕೊರಿಯರಿನವರು, ನೀರಿನ ಕ್ಯಾನಿನವರು, ಮೇಲಿನ ಮನೆಯ ನೆಂಟರು. ಕೆಲವರು ನಿಂತು "ಈಗ ಹೇಗಿದ್ದೀರಿ" ಎಂದು ತೆಲುಗಿನಲ್ಲೂ ಹಿಂದಿಯಲ್ಲೂ ವಿಚಾರಿಸುತ್ತಿದ್ದರು. ಕಾಕು ಆ ಸೆಕೆಯಲ್ಲೂ ಸೆರಗನ್ನು ತಲೆತುಂಬ ಹೊದ್ದು, ಪಾದ ಮುಚ್ಚಿಕೊಂಡು ಮಲಗಿರುತ್ತಿದ್ದರು. ಪರದೆ ಕಟ್ಟಿ ನೋಡಿದೆವು. ಕುರ್ಚಿಯ ಗಾಲಿಗೆ ಸಿಕ್ಕಿ ಕಂಬಿ ಸಮೇತ ಕಿತ್ತು ಬಂತು.

ಮುಂದಿನ ವಾರ ನಾನು ಲಿಫ್ಟಿನಿಂದ ಇಳಿದರೆ, ತೆರೆದ ಬಾಗಿಲಿನೊಳಗೆ, ಗೋಡೆ ಇದ್ದ ಜಾಗದಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ಎರಡೂ ಕೈ ಅಗಲಿಸಿ ಬಿಡಿಸಿದ ಪತ್ರಿಕೆ. ಪತ್ರಿಕೆಯ ಕೆಳಗೆ ಕಾಕಾನ ಕಾಲು. ಅದರ ಹಿಂದೆ ಏನಿದೆಯೆಂದು ಒಂದಿಷ್ಟೂ ಕಾಣಿಸುತ್ತಿರಲಿಲ್ಲ.

"ಏನ್ ಕಾಕಾ, ಆನಿ ಬಂದಿದ್ವೇನು?"

"ಈಗ ಒಂದು ಬಂತಲ್ಲ," ಎಂದರು ಪತ್ರಿಕೆ ಇಳಿಸದೆ. ಪತ್ರಿಕೆ ಹಿಂದಿನ ದಿನದ್ದು.

"ಎಷ್ಟೊತ್ತಿಂದ ಕುಂತೀರಿ?"

"ಓದಾಕತ್ತೀನಿ ಕಾಣೂದಿಲ್ಲೇನು? ನಡಿ ಒಳಗ."

ಅವರನ್ನು ಸುತ್ತಿಕೊಂಡು ಒಳಗೆ ಹೋದೆ. ಕಾಕು ಮಂಚದ ಮೇಲೆ ದಿಂಬಿಗೆ ಒರಗಿ, ಸೆರಗು ಹೆಗಲಿಗಿಳಿಸಿ, ಕೂದಲು ಬಿಚ್ಚಿ ಹರಡಿಕೊಂಡು ಕೂತಿದ್ದರು. ನೆತ್ತಿಗೆ ಎಣ್ಣೆ ಹಚ್ಚಿತ್ತು. ಬಾಗಿಲಿನ ಗಾಳಿಗೆ ಬಿಳಿ ಕೂದಲು ಅಲುಗುತ್ತಿತ್ತು. ಅವರ ಕೂದಲು ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಗೆ ಹೇಳಿದೆ.

"ಎಲ್ಲಿ ನೋಡಬೇಕು ನೀ?" ಅಂದರು ಕಾಕು. "ಕ್ವಾರ್ಟರ್ಸಿನಾಗ ಬಾಗಿಲಾ ತೆಗದ್ರ ರಸ್ತಾ. ಹೋಗವರು ಬರವರು ಎಲ್ಲಾರೂ ಒಳಗ ಹಣಕಿ ನೋಡವರು. ಅಷ್ಟೂ ವರ್ಷ ಬಚ್ಚಲದಾಗ ನಿಂತು ತಲಿ ಬಾಚಕೊಂಡೆ. ಇಲ್ಲಿ ಬಂದ್ರ ಲಿಫ್ಟು. ಆ ಗ್ವಾಡಿ ಬಂದ ಮ್ಯಾಲೇ ನೋಡು, ಹಾಲ್‌ನಾಗ ಗಾಳಿಗೆ ಕುಂತು ಬಾಚಕೊಳ್ಳೂದು ಅಂದ್ರ ಏನಂತ ತಿಳೀತು."

ಕೋಟೆಯ ಬಾಗಿಲಿನ ಅಡ್ಡಗೋಡೆ ಆನೆಗಾಗಿ. ಆದರೆ ಹಳೆಯ ಮಹಲುಗಳಲ್ಲಿ, ದೊಡ್ಡ ಮನೆಗಳಲ್ಲಿ, ಒಳಬಾಗಿಲಿಗೂ ಅಂಥದ್ದೇ ತಿರುವು ಇರುತ್ತಿತ್ತು. ಅಲ್ಲಿಗೆ ಯಾವ ಆನೆಯೂ ಬರುತ್ತಿರಲಿಲ್ಲ. ಗಾಳಿ ಬರಲಿ, ಕಣ್ಣು ಬಾರದಿರಲಿ ಎಂದು ಹಾಗೆ ಕಟ್ಟುತ್ತಿದ್ದರು. ಇದು ನಾನು ಪರೀಕ್ಷೆಗೆ ಓದಿ ಬರೆದ ವಿಷಯ. ಕಾಕಾಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಗೊತ್ತಿದ್ದರೆ ಆನೆಯ ಕಥೆಯನ್ನೇ ಯಾಕೆ ಹಿಡಿದು ಕೂತರು? ಹೆಂಡತಿಗಾಗಿ ಗೋಡೆ ಕಟ್ಟಿಸಿದೆ ಎನ್ನುವುದಕ್ಕಿಂತ ಆನೆಗೆ ಹೆದರಿ ಕಟ್ಟಿಸಿದೆ ಎನ್ನುವುದರಲ್ಲಿ ಆ ಮನುಷ್ಯನಿಗೆ ನಾಚಿಕೆ ಕಡಿಮೆಯೇ?

ಲಿಫ್ಟಿನ ಸದ್ದಾಯಿತು. ಯಾರೋ ಇಳಿದರು. ಪತ್ರಿಕೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಯಿತು.

ಕಾಕು ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, ಹಿಂದಿನ ಸಿಕ್ಕು ಬಿಡಿಸೆಂದು ತಿರುಗಿ ಕೂತರು. ಸಿಕ್ಕು ಬಿಡಿಸುತ್ತ, ಅವರಿಗೆ ಮಾತ್ರ ಕೇಳುವಂತೆ, ಒಂದು ಮಾತು ಕೇಳಿದೆ. ಅವರು ತಿರುಗಲಿಲ್ಲ, ಭುಜ ಮಾತ್ರ ಸಣ್ಣಗೆ ಅಲುಗಿತು. ನಕ್ಕರೋ ಏನೋ, ಮುಖ ಕಾಣುತ್ತಿರಲಿಲ್ಲ. ಈಗ ಅವರು ವಾಕರು ಹಿಡಿದು ಅಡುಗೆಮನೆಯವರೆಗೆ ಹೋಗುತ್ತಾರೆ, ನನ್ನ ಜೊತೆ ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಾರೆ, ಇದೊಂದಕ್ಕೆ ಮಾತ್ರ ಇವತ್ತಿಗೂ ಜವಾಬು ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಕಾಕು, ಗ್ವಾಡಿ ಬೇಕಂತ ನೀವಾಗಿ ಕೇಳಿದ್ರೋ, ಇಲ್ಲಾ ಅವರೇ ತಿಳಕೊಂಡ್ರೋ?"