ಹಳದಿ ಅಂಗಿಯವನ ಹಿಂದೆ

ಎವೆಲಿಯೊ ನೆರಳಿಗೆ ಆಸೆಪಟ್ಟದ್ದೇ ಎಡವಟ್ಟಾಯಿತು.

ಅಂದು ಸಂಜೆ ಮಗಳು ಯಾನೆಲಿಸ್‌ಳ ಹದಿನೈದನೇ ಹುಟ್ಟುಹಬ್ಬ. ಸಿಯೆನ್‌ಫ್ವೇಗೊಸ್ ಊರಿನಲ್ಲಿ ಹೆಣ್ಣುಮಕ್ಕಳ ಹದಿನೈದೆಂದರೆ ಅರ್ಧ ಮದುವೆಯೇ. ಬೇರೆಯವರ ಮಕ್ಕಳು ನೆಲ ಗುಡಿಸುವ ಗೌನು, ಬಾಡಿಗೆ ಕಾರು ಅಂತ ಹಟ ಹಿಡಿದರೆ, ಈ ಹುಡುಗಿ ಕೇಳಿದ್ದು ಒಂದೇ. "ಅಪ್ಪಾ, ಫ್ಲಾನ್ ಮಾಡ್ಸು. ದೊಡ್ಡದು. ಬಂದೋರಿಗೆಲ್ಲ ಸಾಕಾಗ್ಬೇಕು." ಫ್ಲಾನ್ ಎಂದರೆ ಹಾಲು, ಮೊಟ್ಟೆ, ಸಕ್ಕರೆಪಾಕದ ಸಿಹಿ. ಗಟ್ಟಿಹಾಲಿನ ಡಬ್ಬಿಗಳನ್ನು ಹೆಂಡತಿ ಮಿಲಾಗ್ರೋಸ್ ತಿಂಗಳುಗಟ್ಟಲೆ ಮಂಚದಡಿ ಬಚ್ಚಿಟ್ಟು ಕಾದಿದ್ದಳು. ಎವೆಲಿಯೊ ತರಬೇಕಾದದ್ದು ಮೊಟ್ಟೆ ಮಾತ್ರ.

"ಅದೊಂದಾದ್ರೂ ನೆಟ್ಟಗೆ ಮಾಡು ಮಾರಾಯ" ಎಂದು ಅವಳು ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದಳು.

ಎಲ್ಲದಕ್ಕೂ ಅಭಾವವಿದ್ದ ಆ ಊರಿನಲ್ಲಿ ಏನು ಕೊಳ್ಳಬೇಕಾದರೂ ಸಾಲು ಹಿಡಿಯಬೇಕು. ಮೊಟ್ಟೆ ಅಂಗಡಿ ಇನ್ನೂ ತೆರೆದಿರಲಿಲ್ಲ. ಬಂದವರು "ಕೊನೆಯವರು ಯಾರು?" ಅನ್ನುವುದು, ಕೊನೆಯವರು "ನಾನು" ಅನ್ನುವುದು, ಆ ಮುಖ ನೆನಪಿಟ್ಟುಕೊಂಡು ಎಲ್ಲಾದರೂ ನೆರಳಿನಲ್ಲಿ ಕೂರುವುದು ಅಲ್ಲಿನ ರೂಢಿ. ಸಾಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದನ್ನು ಮುರಿದವನಿಗೆ ಉಳಿಗಾಲವಿಲ್ಲ. ಎವೆಲಿಯೊ ನಿವೃತ್ತ ಭಾಷಾ ಮೇಷ್ಟ್ರು ಆನ್ಸೆಲ್ಮೊ ಅವರ ಹಿಂದೆ ಜಾಗ ಹಿಡಿದು, ರಸ್ತೆ ದಾಟಿ, ಎದುರಿಗೆ ಬೀಗ ಹಾಕಿದ್ದ ಚಪ್ಪಲಿ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಹಾಯಾಗಿ ಕೂತ.

ಹಸಿರು ಕೊಡೆಯ ಹೆಂಗಸೊಬ್ಬಳು ಬಂದಳು. "ಕೊನೆಯವರು ಯಾರು?"

"ನಾನು" ಎಂದ ಎವೆಲಿಯೊ. ಸುಳ್ಳೇನಲ್ಲ, ಮೊಟ್ಟೆಯ ಸಾಲಿನಲ್ಲಿ ಅವನೇ ಕೊನೆಯವನು.

ಅವಳು ಅವನ ಹಳದಿ ಅಂಗಿಯನ್ನೂ ಬೋಳು ತಲೆಯನ್ನೂ ಚೆನ್ನಾಗಿ ನೋಡಿಕೊಂಡು ಪಕ್ಕದಲ್ಲೇ ಕೂತಳು. ಏನು ಸಿಗುತ್ತದೆ ಎಂದು ಕೇಳಲಿಲ್ಲ. ಅದನ್ನೆಲ್ಲ ಆಮೇಲೆ ಕೇಳಿದರಾಯಿತು, ಮೊದಲು ಜಾಗ ಗಟ್ಟಿಯಾಗಬೇಕು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಇಬ್ಬರು ಬಂದರು. ನೋಡನೋಡುತ್ತಿದ್ದಂತೆ ಚಪ್ಪಲಿ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

"ಕೋಳಿ ಬರುತ್ತಂತೆ" ಎಂದ ಒಬ್ಬ.

"ಕೋಳಿ ಅಲ್ಲ, ಸೋಪು. ನನ್ನ ನಾದಿನಿ ಕಣ್ಣಾರೆ ಲಾರಿ ನೋಡಿದಾಳೆ."

ಎವೆಲಿಯೊ ಕೊಡೆಯವಳ ಕಡೆ ತಿರುಗಿದ. "ಅಮ್ಮಾ, ಇಲ್ಲಿ ಏನೂ ಬರಲ್ಲ. ನಾನು ಸುಮ್ನೆ ನೆರಳಿಗೆ ಕೂತಿದ್ದೆ" ಎಂದ.

"ಏನೂ ಬರಲ್ಲ ಅಂದ್ರೆ ನೀನ್ಯಾಕಪ್ಪ ಮೊದಲ್ನೇ ಜಾಗದಲ್ಲಿ ಕೂತಿದೀಯ?" ಎಂದಳು ಕೊಡೆಯವಳು. "ನಮ್ಮನ್ನ ಓಡ್ಸಿ ಎಲ್ಲಾ ನೀನೇ ಬಾಚ್ಕೊಳ್ಳೋಣ ಅಂತ ತಾನೆ?"

ಅವನು ಎದ್ದರೆ ಅಂಗಿ ಹಿಡಿದು ಕೂರಿಸಿದರು. ಮೊದಲನೆಯವನೇ ಹೊರಟುಹೋದರೆ ಸಾಲಿಗೆ ತಲೆಯೇ ಇಲ್ಲವಲ್ಲ. ಗಲಾಟೆ ಕೇಳಿ ಆನ್ಸೆಲ್ಮೊ ಮೇಷ್ಟ್ರು ಕೋಲೂರುತ್ತ ರಸ್ತೆ ದಾಟಿ ಬಂದರು.

"ಮೇಷ್ಟ್ರೇ, ಬಿಡ್ಸಿ ನನ್ನ. ನೂಕುನುಗ್ಗಲಲ್ಲಿ ಸಾಯ್ತಾ ಇದೀನಿ."

"ಇದು ನೂಕುನುಗ್ಗಲಲ್ಲಪ್ಪ, ಬರೀ ಜಂಗುಳಿ" ಎಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. "ನೂಕುನುಗ್ಗಲು ಅನ್ಬೇಕಾದ್ರೆ ನುಗ್ಗೋಕೆ ಒಂದು ಬಾಗಿಲಿರ್ಬೇಕು. ಕಾಲ್ತುಳಿತ ಅನ್ನೋಕೆ ಕೆಳಗೊಬ್ಬ ಬಿದ್ದಿರ್ಬೇಕು. ಪದ ಸುಮ್ಸುಮ್ನೆ ಪೋಲು ಮಾಡ್ಬಾರ್ದು."

ಅಷ್ಟರಲ್ಲಿ ಎದುರಿನ ಮೊಟ್ಟೆ ಅಂಗಡಿಯ ಬಾಗಿಲು ಕಿರ್ರೆಂದಿತು.

ಕೋಳಿ, ಸೋಪು ಎಲ್ಲ ಜನಕ್ಕೆ ಮರೆತುಹೋಯಿತು. ಜಂಗುಳಿ ಕಟ್ಟೆಯೊಡೆದ ನೀರಿನ ಹಾಗೆ ರಸ್ತೆಯ ಆ ಬದಿಗೆ ನುಗ್ಗಿತು. ಎವೆಲಿಯೊನನ್ನು ಎತ್ತಿಕೊಂಡೇ ಹೋಯಿತು. ಅಂಗಡಿಯ ಹೊಸ್ತಿಲಲ್ಲಿ ಅವನು ಮುಗ್ಗರಿಸಿ ಬಿದ್ದ. ಬೆನ್ನ ಮೇಲೆ ಯಾರದೋ ಮೊಣಕಾಲು, ಬೆರಳ ಮೇಲೆ ಯಾರದೋ ಬೂಟು.

"ಈಗ ಕಾಲ್ತುಳಿತ ಅನ್ಬೋದು" ಎಂದು ಮೇಲಿನಿಂದ ದನಿ ಕೇಳಿತು. ಬೂಟು ಮೇಷ್ಟ್ರದೇ.

ಎವೆಲಿಯೊ ಅಂಬೆಗಾಲಿಡುತ್ತ ಕಾಲುಗಳ ಕಾಡಿನಲ್ಲಿ ನುಸುಳಿ, ಎದ್ದಾಗ ಮೂಗು ನೇರ ಕೌಂಟರಿಗೆ ತಾಗಿತು. ಕಡೆಯ ತಟ್ಟೆ ಮೊಟ್ಟೆ ಅವನ ಕೈಸೇರಿತು! ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಹೊರಗೆ ಬಂದಾಗ ಕಣ್ಣು ತುಂಬಿಬಂತು. ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸ ನೆಟ್ಟಗೆ ಮಾಡಿದ್ದ.

ಎದುರಿಗೆ ನೋಡಿದರೆ, ಚಪ್ಪಲಿ ಅಂಗಡಿಯ ಖಾಲಿ ಮೆಟ್ಟಿಲ ಮೇಲೆ ಮಿಲಾಗ್ರೋಸ್ ರಾಣಿಯ ಹಾಗೆ ಕೂತಿದ್ದಳು.

"ಇಲ್ಬಾ, ಮೆತ್ತಗೆ ಮಾತಾಡು" ಎಂದಳು ಪಿಸುದನಿಯಲ್ಲಿ. "ಇಲ್ಲಿ ಭಾರೀ ಮಾಲು ಬರುತ್ತೆ ಅಂತ ಪಕ್ಕದ್ಮನೆಯೋಳು ಹೇಳಿದ್ಲು, ಓಡಿ ಬಂದೆ. ಪೆದ್ದು ಜನ, ಮೊಟ್ಟೆ ಅಂತ ಎಲ್ಲಾ ಬಿಟ್ಟು ಓಡಿದಾರೆ. ಒಬ್ಬಳೇ ಒಬ್ಬಳು ಹಸಿರು ಕೊಡೆಯೋಳು ಕದಲದೆ ಕೂತಿದ್ಲು. ಎರಡನೇ ಜಾಗ! ಅವಳಿಂದ ಬದಲಾಯಿಸ್ಕೊಂಡೆ."

"ಏನು ಕೊಟ್ಟು?" ಎಂದ ಎವೆಲಿಯೊ.

"ಹಾಲಿನ ಡಬ್ಬಿ. ಬದಲಿಗೆ ಕೊಡೋಕಾದೀತು ಅಂತ ಚೀಲಕ್ಕೆ ತುಂಬ್ಕೊಂಡು ಬಂದಿದ್ದೆ. ಎಲ್ಲಾನೂ ಕೇಳಿದ್ಲು, ಕೊಟ್ಟೆ. ಬಸ್ಸು ಹತ್ತಿ ಹೋದ್ಲು. ಇರ್ಲಿ ಬಿಡು, ಇಲ್ಲಿ ಬರೋ ಮಾಲಲ್ಲಿ ಹತ್ತು ಫ್ಲಾನ್ ಆಗುತ್ತೆ. ನನ್ನ ಮುಂದೆ ಇರೋದು ಒಬ್ಬನೇ. ಈಗ ಬರ್ತಾನಂತೆ. ಹಳದಿ ಅಂಗಿ, ಬೋಳು ತಲೆ..."

ಮಿಲಾಗ್ರೋಸ್‌ಳ ಮಾತು ನಿಧಾನವಾಯಿತು. ಅವಳ ಕಣ್ಣು ಅಂಗಿಯ ಮೇಲೆ ನಿಂತು, ಅಲ್ಲಿಂದ ಮೆಲ್ಲಗೆ ಮೇಲೇರಿತು. ಎವೆಲಿಯೊ ಮೊಟ್ಟೆಯ ತಟ್ಟೆಯನ್ನು ತಲೆಯ ಮೇಲೆ ಟೋಪಿಯಂತೆ ಇಳಿಸಿಕೊಂಡ.

ಅಷ್ಟರಲ್ಲಿ ಚೀಲ ಹಿಡಿದ ಮುದುಕನೊಬ್ಬ ಬಂದು ಕೇಳಿದ. "ಕೊನೆಯವರು ಯಾರಮ್ಮ?"

"ನಾನು" ಎಂದಳು ಮಿಲಾಗ್ರೋಸ್, ಗಂಡನ ಮೇಲಿನ ಕಣ್ಣು ಕೀಳದೆ.