ಕಾಕಾನ ಕಂಪ್ಯೂಟರ್ ಮತ್ತು ಟೈಪಿಸ್ಟ್ ಅಮ್ಮ

ಹೈದರಾಬಾದಿಗೆ ಕಂಪ್ಯೂಟರ್ ತಂದವರು ನಮ್ಮ ಕಾಕಾ ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಕಾಕಾನ ಎದುರಿಗೆ ಮಾತ್ರ ನಗಬೇಡಿ!

ಊರೆಲ್ಲ ಸಾಫ್ಟ್‌ವೇರ್ ಎಂದು ಕುಣಿಯುತ್ತಿದ್ದ ಕಾಲ. ಅಮೀರ್‌ಪೇಟೆಯ ಗೋಡೆಗಳಲ್ಲಿ ಕಂಪ್ಯೂಟರ್ ಕ್ಲಾಸಿನ ಜಾಹೀರಾತು ಇಲ್ಲದ ಜಾಗ ಹುಡುಕಬೇಕಿತ್ತು. ಕಾಕಾ ನೀರಿನ ಬಿಲ್ಲಿನ ಸರಕಾರಿ ಕಚೇರಿಯಲ್ಲಿ ಹಿರಿಯ ಗುಮಾಸ್ತ. ಗುಲ್ಬರ್ಗಾ ಕಡೆಯವರು, ನಾರಾಯಣಗೂಡದಲ್ಲಿ ಮನೆ. ಕಾಲೇಜಿಗೆ ಅಂತ ಬಂದ ನಾನು ಅವರ ಮನೆಯಲ್ಲೇ ಇದ್ದೆ. ಕಚೇರಿಗೆ ಕಂಪ್ಯೂಟರ್ ಬಂದ ದಿನ ಉಳಿದವರೆಲ್ಲ ನೌಕರಿ ಹೋಯಿತೆಂದು ಮೋರೆ ಇಳಿಬಿಟ್ಟು ಕೂತಿದ್ದರಂತೆ. ಎಸಿ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕು ಅಂತ ಬೋರ್ಡು. ನಮ್ಮ ಕಾಕಾ ಚಪ್ಪಲಿ ಬಿಟ್ಟದ್ದಷ್ಟೇ ಅಲ್ಲ, ಕಾಲು ತೊಳೆದು, ಒರೆಸಿಕೊಂಡು, ಬಲಗಾಲಿಟ್ಟು ಒಳಗೆ ಹೋದರು!

ಅಂದಿನಿಂದ ಅವರ ಬಾಯಲ್ಲಿ ಒಂದೇ ಮಂತ್ರ: ಎಫಿಶಿಯನ್ಸಿ. ಮೊದಲ ಬಲಿ ಅವರ ಹೆಂಡತಿ, ನಮ್ಮ ಕಾಕುವಿನ ಅಡುಗೆಮನೆ. ಒಂದು ಭಾನುವಾರ ಕಾಕು ಗುಡಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಂತಿದ್ದವು.

"ಅರಿಶಿಣ ಎಲ್ಲಿ ಐತ್ರಿ?"

"ಟಿ ಒಳಗ ನೋಡು. ಟರ್ಮರಿಕ್!"

ಕಾಕು ಟಿ ಸಾಲಿನಿಂದ ಅರಿಶಿಣದ ಡಬ್ಬಿ ಇಳಿಸಿಕೊಂಡಳು. ಸಂಜೆ ಚಹಾ ಕೊಟ್ಟಳು. ಒಂದು ಗುಟುಕು ಕುಡಿದ ಕಾಕಾನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

"ಸಕ್ಕರಿನೂ ಎಸ್, ಉಪ್ಪೂ ಎಸ್ ಅಲ್ಲೇನ್ರಿ? ಕೈಗೆ ಸಿಕ್ಕ ಎಸ್ ಹಾಕೀನಿ!"

ಮರುದಿನ ಡಬ್ಬಿಗಳು ಸ್ವಸ್ಥಾನಕ್ಕೆ ಮರಳಿದವು.

ಅಷ್ಟರಲ್ಲಿ ಮೇಲಿನಿಂದ ಹುಕುಂ ಬಂತು. ಕಂಪ್ಯೂಟರ್ ಪರೀಕ್ಷೆ ಪಾಸಾದವರಿಗೆ ಮಾತ್ರ ಬಡ್ತಿ! ಕಾಕಾ ಅದೇ ವಾರ ಅಮೀರ್‌ಪೇಟೆಯ ಕ್ಲಾಸಿಗೆ ಸೇರಿದರು. ಇಸ್ತ್ರಿ ಅಂಗಿ, ಹಣೆಗೆ ಗಂಧ, ಮೂಗಿನ ತುದಿಗೆ ಕನ್ನಡಕ. ಇವರು ಬಾಗಿಲಲ್ಲಿ ಕಂಡದ್ದೇ ತಡ, ಕ್ಲಾಸಿನ ಹುಡುಗರೆಲ್ಲ ಎದ್ದು ನಿಂತು "ಗುಡ್ ಈವನಿಂಗ್ ಸಾರ್" ಎಂದರು. ಕಾಕಾ ಗಂಭೀರವಾಗಿ ಕೈಸನ್ನೆಯಿಂದ ಎಲ್ಲರನ್ನೂ ಕೂಡಿಸಿ, ತಾವು ಹೋಗಿ ಕಡೇ ಬೆಂಚಿನಲ್ಲಿ ಕೂತರು! ಸ್ವಲ್ಪ ಹೊತ್ತಿಗೆ ಮೀಸೆ ಸರಿಯಾಗಿ ಮೂಡದ ಒಬ್ಬ ಹುಡುಗ ಒಳಗೆ ಬಂದ. ಕಾಕಾ ಪಕ್ಕಕ್ಕೆ ಸರಿದು, "ಆವೋ ಬೇಟಾ, ಇಧರ್ ಬೈಠೋ. ಸಾರ್ ಅಭೀ ನಹೀ ಆಯೇ" ಎಂದು, ಸಾರ್ ಇನ್ನೂ ಬಂದಿಲ್ಲವೆಂಬ ಧೈರ್ಯವನ್ನೂ ಕೊಟ್ಟು ಜಾಗ ಮಾಡಿಕೊಟ್ಟರು. ಆ ಹುಡುಗನೇ ಸಾರ್!

ಅಭ್ಯಾಸಕ್ಕೆ ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಊಟದ ತಟ್ಟೆಯ ಪಕ್ಕದಲ್ಲಿ, ಸ್ಕೂಟರಿನ ಹ್ಯಾಂಡಲ್ ಮೇಲೆ, ಕಡೆಗೆ ಪೂಜೆಯ ಜಪಮಣಿಯ ಮೇಲೂ ಕಾಕಾನ ಬೆರಳುಗಳು ಗುಂಡಿ ಒತ್ತಿದಂತೆ ಆಡುತ್ತಿದ್ದವು. ಒಮ್ಮೆ ಸಾರಿನ ಬಟ್ಟಲೇ ಮಗುಚಿತು.

"ಊಟ ಮಾಡ್ರಿ, ಊಟಾನ ಟೈಪ್ ಮಾಡಬ್ಯಾಡ್ರಿ!" ಎಂದು ಕಾಕು ಚೀರಿದಳು.

ಬೈದಳು ನಿಜ, ಆದರೆ ಪರೀಕ್ಷೆಯ ದಿನ ಉಪವಾಸ ಹಿಡಿದವಳೂ ಅವಳೇ. ಕಾಕಾ ಪಾಸಾದರು! ಕಂಪ್ಯೂಟರ್ ಕೋಣೆಯ ಸೂಪರಿಂಟೆಂಡೆಂಟ್ ಆದರು! ಕಾಕು ಓಣಿಗೆಲ್ಲ ಪೇಢೆ ಹಂಚಿದಳು. ಸೂಪರಿಂಟೆಂಡೆಂಟ್ ಅನ್ನುವ ಶಬ್ದ ಅವಳ ಬಾಯಲ್ಲಿ ಮನೆಗೊಂದು ರೂಪ ತಾಳಿತು.

ಆದರೆ ಬಡ್ತಿಯಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಎಫಿಶಿಯನ್ಸಿಯ ಈ ಮಹಾಪುರುಷ ಸಂಜೆ ಮನೆಗೆ ತಡವಾಗಿ ಬರತೊಡಗಿದರು. ಕೇಳಿದರೆ "ಕೆಲಸ ಐತಿ" ಅನ್ನುವುದು.

"ಕಂಪ್ಯೂಟರ್ ಬಂದರ ಕೆಲಸ ಲಗೂ ಮುಗೀತದ ಅಂತಿದ್ರಲ್ಲ? ಹೋಗಿ ನೋಡಿ ಬಾರವ್ವಾ" ಎಂದು ಕಾಕು ನನ್ನನ್ನು ಅಟ್ಟಿದಳು.

ಹೋದೆ. ಕಚೇರಿ ಖಾಲಿ. ಎಸಿ ಕೋಣೆಯಿಂದ ಮಾತ್ರ ಏನೋ ಸದ್ದು. ಇಣುಕಿದೆ. ಕಂಪ್ಯೂಟರಿನ ಮುಂದೆ ಟೈಪಿಸ್ಟ್ ಅಮ್ಮ ಕೂತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ತೆಲುಗು ಹೆಂಗಸು. ಆ ಕಚೇರಿಯ ಪತ್ರಗಳೆಲ್ಲ ಒಂದು ಕಾಲಕ್ಕೆ ಅವರ ಬೆರಳಿನಿಂದಲೇ ಹೊರಡುತ್ತಿದ್ದವು. ಈಗ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿದ್ದರು. ಕಂಪ್ಯೂಟರ್ ಕಲಿಯದಿದ್ದರೆ ಅಮ್ಮನಿಗೆ ನೆಲಮಾಳಿಗೆಯ ಹಳೆ ಕಡತಗಳ ಕೋಣೆಯೇ ಗತಿ. ಕಲಿಯೋಣವೆಂದರೆ ಕೈಯೇ ಓಡದು. ಗುಂಡಿ ಒತ್ತಿದರೆ ಸಪ್ಪಳವಿಲ್ಲ, ಅಕ್ಷರ ಬಿತ್ತೋ ಇಲ್ಲವೋ ಎಂದು ಪ್ರತಿಸಲ ಕೈ ತಡೆಯುವರು, ಮೇಲೆ ನೋಡುವರು, ಕಣ್ಣೊರೆಸಿಕೊಳ್ಳುವರು.

ಪಕ್ಕದಲ್ಲಿ ಸೂಪರಿಂಟೆಂಡೆಂಟ್ ಸಾಹೇಬರು! ಕೈಯಲ್ಲಿ ಚಮಚ, ತೊಡೆಯ ಮೇಲೆ ಟಿಫಿನ್ ಡಬ್ಬಿಯ ಮುಚ್ಚಳ. ಅಮ್ಮ ಒಂದು ಅಕ್ಷರ ಒತ್ತಿದರೆ ಕಾಕಾ ಮುಚ್ಚಳಕ್ಕೆ "ಟಕ್." ಇನ್ನೊಂದಕ್ಕೆ "ಟಕ್." ಸಾಲು ಮುಗಿದರೆ, ಹಳೆಯ ಟೈಪ್‌ರೈಟರಿನಂತೆ ಬಾಯಿಂದ "ಟಿಂಗ್!"

"ಕೊಟ್ಟಂಡಿ ಅಮ್ಮಾ, ಭಯಂ ಎಂದುಕು?" ಎನ್ನುತ್ತಿದ್ದರು ತೆಲುಗಿನಲ್ಲಿ. ಹೊಡೀರಿ ಅಮ್ಮಾ, ಯಾಕೆ ಭಯ!

ಟಕ್, ಟಕ್. ಸ್ವಲ್ಪ ಹೊತ್ತಿಗೆ ಆ ಬೆರಳುಗಳಿಗೆ ತಮ್ಮ ಹಳೆಯ ಲಯ ಸಿಕ್ಕಿತು ನೋಡಿ! ಟಕಟಕಟಕ! ಕಾಕಾನ ಚಮಚಕ್ಕೆ ಏದುಸಿರು. "ಮೆಲ್ಲಗಾ ಅಮ್ಮಾ, ಮೆಲ್ಲಗಾ!" ಎಂದು ಗೋಗರೆದರು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಅವರು ಮುಂದೆ ಪರೀಕ್ಷೆ ಪಾಸಾಗಿ, ಆ ತಣ್ಣನೆಯ ಕೋಣೆಯಲ್ಲೇ ಕೂತು ಮರ್ಯಾದೆಯಿಂದ ನಿವೃತ್ತರಾದರು. ಆದರೆ ನನಗೆ ನೆನಪಾಗುವುದು ಆ ಸಂಜೆಯೇ.

"ಕಾಕು ಹಾದಿ ನೋಡಾಕತ್ತಾಳ" ಎಂದೆ.

"ಇದೊಂದು ಪುಟ ಮುಗೀಲಿ ತಡಿ. ಕುಂದ್ರು" ಎಂದರು ಕಾಕಾ, ಚಮಚ ನಿಲ್ಲಿಸದೆ.

ಕೂತೆ. ಸಾಲು ಮುಗಿಯಿತು. ಕಾಕಾ ಬಾಯಿ ತೆರೆದರು, ಗಂಟಲು ಒಣಗಿ ಸದ್ದೇ ಹೊರಡಲಿಲ್ಲ. ಅಮ್ಮನ ಬೆರಳು ಗಾಳಿಯಲ್ಲಿ ಕಾಯುತ್ತಾ ನಿಂತವು.

"ಟಿಂಗ್" ಎಂದೆ ನಾನು.