ಕೌರವನ ಪರ ನನ್ನ ವಕಾಲತ್ತು

ಬೇಸಿಗೆ ರಜೆಯಲ್ಲಿ ಪುತ್ತೂರಿನ ಯಜ್ಞೇಶ್ವರ ವಕೀಲರ ಆಫೀಸಿನಲ್ಲಿ ಕುರ್ಚಿ ಹಾಕಿ ಕೂತೇ ಕೂರುತ್ತೇನೆ, ಇಡೀ ಕೋರ್ಟು ನನ್ನನ್ನು ತಿರುಗಿ ನೋಡಬೇಕು! ಹೀಗೆಂದು ೧೯೮೩ರ ಡಿಸೆಂಬರಿನಲ್ಲಿ ಹೆಂಡತಿ ದಮಯಂತಿಯ ಮುಂದೆ ಘೋಷಿಸಿದೆ. ಮದುವೆಯಾದ ಮೇಲೆ ಲಾ ಕಾಲೇಜು ಸೇರಿದವನು ನಾನು. ಘೋಷಣೆ ಕೇಳಲು ಮನೆಯಲ್ಲೇ ಜನ ಇತ್ತು. ಮೊದಲು ಅವರನ್ನು ಕಂಡು ಬನ್ನಿ ಎಂದಳು.

ಕಾಣುವುದೇ ಕಷ್ಟವಾಯಿತು. ಒಮ್ಮೆ ಹೊರಟರೆ ಅಕಾಲ ಮಳೆ. ನಮ್ಮೂರು ಇಚಿಲಂಪಾಡಿಗೆ ಬಸ್ಸೇ ಬರಲಿಲ್ಲ. ಇನ್ನೊಮ್ಮೆ ಮಂಜು; ಡ್ರೈವರ್ ತಲೆ ಹೊರಗೆ ಹಾಕಿ ದಾರಿ ಹುಡುಕುತ್ತಾ ಪುತ್ತೂರು ಮುಟ್ಟಿಸುವಾಗ ವಕೀಲರು ಕೋರ್ಟಿಗೆ ಹೋಗಿಯಾಗಿತ್ತು. ಕೆಲಸ ಕಲಿಯಲು ಅವರಲ್ಲಿ ಇದ್ದದ್ದು ಒಂದೇ ಜಾಗ, ಕಣ್ಣಿಟ್ಟವರು ಆರು ಮಂದಿ. ಮೂರನೆಯ ಸಲ ಸಿಕ್ಕಿದವರು, ಭಾನುವಾರ ಮಧ್ಯಾಹ್ನ ನರಿಮೊಗರಿನ ತಾಳಮದ್ದಳೆಗೆ ಬಾ, ಅಲ್ಲಿ ಮಾತಾಡುವ ಎಂದರು.

ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಈ ತಾಳಮದ್ದಳೆ; ವಕೀಲರಿಗೆ ಅದೆಂದರೆ ಪ್ರಾಣ. ಅಂದು ಅವರು ಸಂಧಾನಕ್ಕೆ ಬಂದ ಕೃಷ್ಣ. ಕೌರವನಾಗಿ ಅರ್ಥ ಹೇಳಬೇಕಿದ್ದ ತೀರ್ಥರಾಮರು ಘಾಟಿಯ ಮಂಜಿನಿಂದಾಗಿ ಗುಂಡ್ಯದಲ್ಲೇ ಸಿಕ್ಕಿಬಿದ್ದಿದ್ದಾರೆಂದು ಫೋನು ಬಂತು.

"ನೀನು ಲಾ ಓದುವವ ಅಲ್ವಾ? ಕೂತುಕೋ ಮಾರಾಯ" ಎಂದು ವಕೀಲರೇ ನನ್ನನ್ನು ಎದುರು ಕೂರಿಸಿದರು.

ನಾಲ್ಕು ಮಾತಾಡಿ ಸುಮ್ಮನಾಗಬೇಕಿತ್ತು. ಬುದ್ಧಿ ಬೇಕಲ್ಲ! ಪಾಂಡವರ ಪಾಲು ಕೊಡು ಎಂದು ಕೃಷ್ಣ ಕೇಳಿದ್ದೇ ತಡ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆಲ್ಲ ಹೊರಗೆ ಬಂತು.

"ಕೃಷ್ಣಾ, ಇನ್ನೊಬ್ಬನ ಭೂಮಿಯನ್ನು ಹನ್ನೆರಡು ವರ್ಷ ರಾಜಾರೋಷವಾಗಿ ಅನುಭವಿಸಿದವನಿಗೇ ಅದು ಸೇರುತ್ತದೆ. ಪಾಂಡವರು ಹೋಗಿ ಹದಿಮೂರಾಯಿತು. ದಾವೆಯ ವಾಯಿದೆ ಮುಗಿದು ಒಂದು ವರ್ಷ!"

ಚಪ್ಪಾಳೆಯೋ ಚಪ್ಪಾಳೆ. ಕೃಷ್ಣ ಬಾಯಿ ತೆರೆದ, ಮುಚ್ಚಿದ, ನೀರು ಕುಡಿದ. ಭಾಗವತರು ಗಡಿಬಿಡಿಯಲ್ಲಿ ಮುಂದಿನ ಪದ ಎತ್ತಿ ಭಗವಂತನ ಮಾನ ಕಾಪಾಡಿದರು. ಮುಗಿದ ಮೇಲೆ ವಕೀಲರು ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿ ನಡೆದರು. ಕೌರವನಿಗೆ ರಾಜ್ಯ ಉಳಿಯಿತು, ನನ್ನ ಕುರ್ಚಿ ಹೋಯಿತು.

ಮನೆಗೆ ಬಂದು ಗೋಡೆಗೊರಗಿ ಕೂತೆ. ನನ್ನ ಬಾಳು ಮುಗಿಯಿತು, ಇನ್ನು ಬೀಡಿ ಕಟ್ಟುವುದೇ ಸೈ ಎಂದು ಗೋಳಾಡಿದೆ. ದಮಯಂತಿ ಕಡೆಯುವ ಕಲ್ಲು ತಿರುಗಿಸುತ್ತಲೇ ನನ್ನ ವಾದವನ್ನು ಕೇಳಿಸಿಕೊಂಡಳು.

"ಹದಿಮೂರು ವರ್ಷ ಕಳೆದ ಮೇಲೆ ಹಿಂದೆ ಕೊಡುದು ಅಂತ ಒಪ್ಪಂದ ಉಂಟಲ್ಲ? ಒಪ್ಪಿ ಇಟ್ಟುಕೊಂಡದ್ದು ಅವನದ್ದು ಹೇಗಾಗುದು? ಪಕ್ಕದ ಮನೆ ಬೀಫಾತುಮ್ಮನಿಂದ ಕೇಳಿ ತಂದ ಅಕ್ಕಿ ಅಳೆಯುವ ಸೇರು ಅತ್ತೆಯ ಕಾಲದಿಂದ ನಮ್ಮಲ್ಲಿ ಉಂಟು. ಅದು ನಮ್ಮದಾಯ್ತಾ?"

ನಾನು ಪುಸ್ತಕ ತೆರೆದು ನೋಡಿದೆ. ಕಾನೂನು ಅಕ್ಷರಶಃ ಅದೇ. ಎರಡು ವರ್ಷ ಫೀಸು ಕಟ್ಟಿದವನು ನಾನು!

ಮರುದಿನ ಮೊದಲ ಬಸ್ಸಿಗೇ ಪುತ್ತೂರು. ವಾಯಿದೆ ಮುಗಿಯಿತಾ ಎಂದು ಹಿಂದಿನ ಸಂಜೆಯಿಂದಲೇ ಉಳಿದ ವಕೀಲರೆಲ್ಲ ಕೇಳಿ ಕೇಳಿ ವಕೀಲರ ಮುಖ ಕೆಂಪಾಗಿತ್ತು. ಕೃಷ್ಣ ಕೊಡಬೇಕಿದ್ದ ಉತ್ತರ ಒಪ್ಪಿಸಿದೆ. ಅವರು ಕನ್ನಡಕ ತೆಗೆದರು.

"ಇದು ನಿನಗೆ ಹೊಳೆದದ್ದಾ?"

ಹೌದೆನ್ನಲು ಹೊರಟವನು ಆ ಕಣ್ಣು ನೋಡಿ, ಹೆಂಡತಿಗೆ ಎಂದು ಒಪ್ಪಿಕೊಂಡೆ.

"ಏಪ್ರಿಲಿನಿಂದ ಬಾ" ಎಂದರು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ದಪ್ಪದೊಂದು ಫೈಲನ್ನು ನನ್ನ ಕೈಗಿಟ್ಟರು.

"ಇದನ್ನು ಮನೆಗೆ ಕೊಂಡುಹೋಗಿ ಅವರಿಗೆ ಓದಿ ಹೇಳು. ಅವರು ಎಂತ ಹೇಳ್ತಾರೆ, ಬರೆದುಕೊಂಡು ಬಾ. ಮಧ್ಯದಲ್ಲಿ ನೀನು ಬಾಯಿ ಹಾಕ್ಬೇಡ."